ಹೇರು ಮತ್ತು ಹೇರಿದವರು

ಕಳೆದ ಜೂನ್ ತಿಂಗಳ ಒಂದು ಸಂಜೆ, ಹುಬ್ಬಳ್ಳಿ–ಧಾರವಾಡ ರಸ್ತೆಯ ನವಲೂರಿನ ಹತ್ತಿರ, ಹತ್ತೊಂಬತ್ತನೆಯ ಶತಮಾನದ ಹತ್ತಿ ವ್ಯಾಪಾರಕ್ಕೆ ಸಂಬಂಧಿಸಿದ ಇನ್ನೂರಕ್ಕೂ ಹೆಚ್ಚು ಹಾಳೆಗಳು ಮಳೆಯಲ್ಲಿ ರಸ್ತೆಯ ತುಂಬ ಹರಡಿ ಬಿದ್ದವು. ಅವು ನನ್ನ ಹಾಳೆಗಳು. ಹುಬ್ಬಳ್ಳಿಯ ಮನೆಯಿಂದ ಧಾರವಾಡದ ಬಾಡಿಗೆ ಕೋಣೆಗೆ ಸಾಮಾನು ಸಾಗಿಸುತ್ತಿದ್ದೆ. ಸಣ್ಣ ಗೂಡ್ಸ್ ಗಾಡಿಯ ಹಿಂಬದಿಯಲ್ಲಿ ಒಂದು ಕಬ್ಬಿಣದ ಕಪಾಟು, ಮಡಚುವ ಮಂಚ, ಅರ್ಧ ಚೀಲ ಜೋಳ, ಹನ್ನೊಂದು ರಟ್ಟಿನ ಪೆಟ್ಟಿಗೆ. ಎಲ್ಲವನ್ನೂ ನಾನೇ ಹೇರಿ, ನಾನೇ ಹಗ್ಗ ಕಟ್ಟಿದ್ದೆ. ಚಾಲಕ ಒಮ್ಮೆ ನೋಡಿ 'ಸಾಕ್ರೀ?' ಎಂದು ಕೇಳಿದ್ದ. 'ಸಾಕು' ಅಂದಿದ್ದೆ. ಅದೊಂದು ಪ್ರಶ್ನೆಯಲ್ಲ, ಎಚ್ಚರಿಕೆ ಎಂದು ಆಮೇಲೆ ತಿಳಿಯಿತು.

ಒಂದು ಉಬ್ಬಿನ ಮೇಲೆ ಗಾಡಿ ಹಾರಿತು. ಮೇಲಿನ ಪೆಟ್ಟಿಗೆ ಕೆಳಗೆ ಬಿದ್ದು ಒಡೆಯಿತು. ಚಾಲಕನೂ ನಾನೂ ಹೆಡ್‌ಲೈಟಿನ ಬೆಳಕಿನಲ್ಲಿ ಹಾಳೆ ಆರಿಸಿದೆವು. ಕೋಣೆಯಲ್ಲಿ ಒಣಹಾಕಿ ಎಣಿಸಿದಾಗ ಹದಿನಾಲ್ಕು ಸಿಗಲಿಲ್ಲ. ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷ ಹಮಾಲಿ ಮಾಡಿದವರು. ಹಾಳೆಗಳ ಬಗ್ಗೆ ಅವರು ಏನೂ ಕೇಳಲಿಲ್ಲ.

'ಹಗ್ಗ ಎಲ್ಲಿ ನಿಂತು ಮತ್ತ ಜಗ್ಗಿದ್ದಿ?'

ಮತ್ತೆ ಜಗ್ಗುವುದು ಎಂದರೇನು ಎಂದೇ ನನಗೆ ಗೊತ್ತಿರಲಿಲ್ಲ.

'ಹೇರು ಮೊದಲ ಎರಡ ಮೈಲ್ ನಡದಮ್ಯಾಗ ಕುಂದ್ರತೈತಿ. ಅದು ಕುಂತ ಮ್ಯಾಗ ಹಗ್ಗ ಸಡಲ ಆಕ್ಕೈತಿ. ಅಲ್ಲಿ ಇಳದು ಮತ್ತ ಜಗ್ಗಬೇಕು. ಇಷ್ಟು ವರ್ಷ ಏನ್ ಓದಿದಿ?'

ಕೊನೆಯ ಮಾತು ತಮಾಷೆಗೇ ಇರಬೇಕು. ಆದರೆ ನಾನು ನಾಲ್ಕು ವರ್ಷಗಳಿಂದ ಓದುತ್ತಿದ್ದದ್ದು ಇದನ್ನೇ: ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದ ಬಗೆಯನ್ನು. ಬೆಲೆ, ಸುಂಕ, ರಸ್ತೆ, ಬಂದರು ಒಂದೊಂದಕ್ಕೂ ಅಧ್ಯಾಯವಿತ್ತು. ಹತ್ತಿಯನ್ನು ಹೇರಿದ್ದು ಹೇಗೆ ಎಂಬುದಕ್ಕೆ ಒಂದು ಪುಟವೂ ಇರಲಿಲ್ಲ. ಇಲ್ಲ ಎಂಬುದು ಅಲ್ಲಿಯವರೆಗೆ ಹೊಳೆದಿರಲೂ ಇಲ್ಲ.

ಹೇರು ಎಂಬ ಪದದಿಂದಲೇ ಶುರು ಮಾಡುತ್ತೇನೆ. ಕನ್ನಡದಲ್ಲಿ ಅದು ಕ್ರಿಯೆಯೂ ಹೌದು, ನಾಮಪದವೂ ಹೌದು. ಹೇರುವುದು ಕೆಲಸ, ಹೇರಿದ ಮೇಲೆ ಎತ್ತಿನ ಬೆನ್ನ ಮೇಲಿರುವುದೂ ಹೇರು. ನಮ್ಮ ಶಾಸನಗಳಲ್ಲಿ ಈ ಪದ ಮತ್ತೆ ಮತ್ತೆ ಸಿಗುತ್ತದೆ, ಶಕಟರೇಫವಿರುವ ಹಳೆಯ ರೂಪದಲ್ಲಿ. ಅಲ್ಲಿ ಅದು ಬಹುಮಟ್ಟಿಗೆ ಒಂದು ಅಳತೆ. ಊರಿನ ದೇವಾಲಯಕ್ಕೆ ವರ್ತಕರು ದತ್ತಿ ಬಿಡುವಾಗ ವೀಳ್ಯದೆಲೆಯ ಹೇರೊಂದಕ್ಕೆ ಇಷ್ಟು ಎಲೆ, ಅಡಕೆಯ ಹೇರೊಂದಕ್ಕೆ ಇಷ್ಟು ಅಡಕೆ, ತಲೆಹೊರೆಗಾದರೆ ಇಷ್ಟು ಎಂದು ಗೊತ್ತುಮಾಡುತ್ತಾರೆ. ಎತ್ತು, ಕತ್ತೆ, ಕೋಣ, ಬಂಡಿ, ಮನುಷ್ಯನ ತಲೆ ಪ್ರತಿಯೊಂದಕ್ಕೂ ಬೇರೆ ಲೆಕ್ಕ. ಅಯ್ಯಾವೊಳೆಯ ಐನೂರ್ವರಂಥ ವಣಿಕ ಸಂಘಗಳು ದಖ್ಖನ್ನಿನ ಉದ್ದಗಲಕ್ಕೂ ನಡೆಸಿದ ವ್ಯಾಪಾರದ ಬಗ್ಗೆ ನಾವು ತಿಳಿದಿರುವುದರಲ್ಲಿ ದೊಡ್ಡ ಪಾಲು ಬಂದಿರುವುದು ಇಂಥ ಹೇರಿನ ಲೆಕ್ಕಗಳಿಂದ. ಹೇರು ಸುಂಕದ ಕಟ್ಟೆಯನ್ನು ದಾಟುವ ಕ್ಷಣದಲ್ಲಿ ಮಾತ್ರ ಕಲ್ಲಿಗೆ ಕಾಣುತ್ತದೆ. ಅದಕ್ಕೆ ಮೊದಲು, ನಸುಕಿನಲ್ಲಿ, ಯಾರೋ ಇಬ್ಬರು ಎದುರುಬದುರಾಗಿ ನಿಂತು ಎರಡು ಚೀಲಗಳನ್ನು ಒಂದೇ ಉಸಿರಿಗೆ ಎತ್ತಿ ಎತ್ತಿನ ಬೆನ್ನಿಗೆ ಹಾಕಿರುತ್ತಾರೆ. ಆ ಕ್ಷಣ ಯಾವ ಕಲ್ಲಿನ ಮೇಲೂ ಇಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಇದ್ದಾನೆ. ತನ್ನ ಕಾಯಕದ ಪರಿಭಾಷೆಯಲ್ಲೇ ವಚನ ಬರೆದವನು. ಸೌದೆಹೊರೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯ ಇದ್ದಾನೆ. ಮೋಳಿಗೆ ಎಂದರೇ ಸೌದೆಯ ಹೊರೆ, ಹೊರೆಯೇ ಅವನ ಹೆಸರಾಯಿತು. ಇವರಿಬ್ಬರೂ ಇಲ್ಲದಿದ್ದರೆ ಈ ಲೋಕದ ಮಾತು ನಮಗೆ ಇಷ್ಟೂ ಉಳಿಯುತ್ತಿರಲಿಲ್ಲ.

ವಿಜಯನಗರಕ್ಕೆ ಬಂದ ಪೋರ್ಚುಗೀಸರಿಗೆ ಎತ್ತಿನ ಹೇರು ಒಂದು ಸೋಜಿಗ. 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್ ಭಟ್ಕಳದ ದಾರಿಯಲ್ಲಿ ಹೇರೆತ್ತುಗಳ ದೊಡ್ಡ ಸಂಖ್ಯೆಯನ್ನು ಕಂಡು ಬರೆದ. ಅವನ ನಂತರ, 1530ರ ದಶಕದಲ್ಲಿ, ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದದ್ದು ನನಗೆ ಇನ್ನೂ ಇಷ್ಟ. ರಾಜಧಾನಿಗೆ ಬೇಕಾದುದೆಲ್ಲ ಹೊರಗಿನಿಂದ ಎತ್ತಿನ ಬೆನ್ನ ಮೇಲೆ ಬರುತ್ತದೆ. ದಿನಕ್ಕೆ 2,000 ಎತ್ತು ಹೆಬ್ಬಾಗಿಲು ದಾಟುತ್ತವೆ. ಆ ಬಾಗಿಲಿನ ಸುಂಕದ ಗುತ್ತಿಗೆಯೇ ವರ್ಷಕ್ಕೆ 12,000 ವರಹ. ಪ್ರತಿ ಎತ್ತಿಗೂ ಸುಂಕ ಉಂಟು, ಕೊಂಬಿಲ್ಲದ ಎತ್ತುಗಳಿಗೆ ಮಾತ್ರ ರಾಜ್ಯದಲ್ಲೆಲ್ಲೂ ಸುಂಕವಿಲ್ಲ ಎನ್ನುತ್ತಾನೆ. ಕೊಂಬಿಲ್ಲದ್ದಕ್ಕೆ ಯಾಕೆ ವಿನಾಯಿತಿ ಎಂದು ಅವನು ವಿವರಿಸುವುದಿಲ್ಲ. ಎತ್ತಿನ ಕೊಂಬನ್ನು ನೋಡಿದ ಕಣ್ಣು, ಎತ್ತಿನ ಪಕ್ಕ ನಡೆಯುತ್ತಿದ್ದವನ ಕೈಯನ್ನು ನೋಡಲಿಲ್ಲ.

ಆ ಕೈಯನ್ನು ನೋಡಿದವನು, ನನಗೆ ಸಿಕ್ಕಮಟ್ಟಿಗೆ, ಒಬ್ಬ ವಜ್ರದ ವ್ಯಾಪಾರಿ. ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡದ ಗಣಿಗಳಿಗಾಗಿ ಮತ್ತೆ ಮತ್ತೆ ಭಾರತಕ್ಕೆ ಬಂದ ಫ್ರೆಂಚ್ ಪ್ರವಾಸಿ ಟ್ಯಾವರ್ನಿಯೆ. 1676ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಇಲ್ಲಿಯ ಸಾಗಾಣಿಕೆಯ ಬಗ್ಗೆ ಕೆಲವು ಪುಟಗಳಿವೆ. ಒಂದೊಂದು ಬಂಡಿಗೂ ಹತ್ತು–ಹನ್ನೆರಡು ಎತ್ತು. ಒಂದು ತಂಡದಲ್ಲಿ ನೂರು, ಇನ್ನೂರು ಬಂಡಿ. ಪ್ರತಿ ಬಂಡಿಯ ಜೊತೆ ನಾಲ್ವರು ಸಿಪಾಯಿಗಳು, ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು. ಬಂಡಿಯ ಮೇಲಿಂದ ಎರಡು ಹಗ್ಗ ಹಾಯಿಸಿ ನಾಲ್ಕು ತುದಿಗಳನ್ನೂ ಆ ನಾಲ್ವರ ಕೈಗೆ ಕೊಟ್ಟಿರುತ್ತಾರೆ. ಕೆಟ್ಟ ದಾರಿಯಲ್ಲಿ ಬಂಡಿ ಎಡಕ್ಕೆ ವಾಲಿದರೆ ಬಲಗಡೆಯ ಇಬ್ಬರು ಹಗ್ಗ ಜಗ್ಗಿ ಹಿಡಿಯಬೇಕು. ಬಲಕ್ಕೆ ವಾಲಿದರೆ ಎಡಗಡೆಯವರು.

ಈ ಭಾಗವನ್ನು ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಟ್ಯಾವರ್ನಿಯೆ ಯಾರೆಂಬುದು ಬೇಕಿರಲಿಲ್ಲ. 'ಅಂದ್ರ ಆಗ ಗಂಟ ಇರಲಿಲ್ಲೇನು? ಮನಷ್ಯಾನ ಗಂಟ' ಅಂದರು. ಹೌದು, ಗಂಟಿನ ಜಾಗದಲ್ಲಿ ಮನುಷ್ಯರು. ವಾಲುವ ಭಾರದ ಜೊತೆ ದಿನವಿಡೀ ನಡೆಯುವ ನಾಲ್ಕು ಜೊತೆ ಕೈಗಳು. ಬಂಡಿ ಉರುಳಿದರೆ ಮೊದಲು ಅಡಿಗೆ ಸಿಗುವವರೂ ಅವರೇ.

ಅದೇ ಪುಟಗಳಲ್ಲಿ ಅವನು ಹೇರೆತ್ತಿನ ಹಿಂಡುಗಳನ್ನೂ ವರ್ಣಿಸುತ್ತಾನೆ. ಒಂದು ಎತ್ತು 300ರಿಂದ 350 ಪೌಂಡ್ ಹೊರುತ್ತದೆ, ಒಂದೊಂದು ಹಿಂಡಿನಲ್ಲಿ ಹತ್ತು–ಹನ್ನೆರಡು ಸಾವಿರ ಎತ್ತು, ಇಕ್ಕಟ್ಟಾದ ದಾರಿಯಲ್ಲಿ ಎದುರಾದರೆ ಅವು ದಾಟುವವರೆಗೆ ಎರಡು ಮೂರು ದಿನ ಕಾಯಬೇಕು. ಇವರು ನಾವು ಲಂಬಾಣಿ ಎಂದು ಕರೆಯುವ ಬಂಜಾರರ ಪೂರ್ವಿಕರು. ಅವರ ಹೇರಿಗೆ ಹಗ್ಗದ ಹಂಗು ಕಡಿಮೆ. ಗೋಣಿ ಜೋಡಿ ಚೀಲ. ಬೆನ್ನ ಮೇಲೆ ಅಡ್ಡ ಹಾಕಿದರೆ ಎರಡೂ ಬದಿ ತೂಗುತ್ತದೆ, ಒಂದರ ಭಾರ ಇನ್ನೊಂದನ್ನು ಹಿಡಿಯುತ್ತದೆ. ಎರಡು ಬದಿ ಸಮ ಇರಬೇಕು, ಅಷ್ಟೇ ಶರತ್ತು. ಒಂದು ಬದಿಗೆ ಎರಡು ಸೇರು ಹೆಚ್ಚಾದರೂ ಮಧ್ಯಾಹ್ನದೊಳಗೆ ಹೇರು ಒಂದು ಕಡೆ ಜಾರುತ್ತದೆ, ಸಂಜೆಯೊಳಗೆ ಎತ್ತಿನ ಬೆನ್ನು ಹುಣ್ಣಾಗುತ್ತದೆ. ತಕ್ಕಡಿಯಿಲ್ಲದ ದಾರಿಯಲ್ಲಿ ಎತ್ತಿನ ಬೆನ್ನೇ ತಕ್ಕಡಿ. ರಾತ್ರಿ ಇಳಿಸಿದ ಗೋಣಿಗಳನ್ನು ಸಾಲಾಗಿ ಒಟ್ಟಿ ಗೋಡೆ ಕಟ್ಟಿ, ಅದರ ಒಳಗೆ ಹೆಂಗಸರು ಮಕ್ಕಳು ಮಲಗುತ್ತಿದ್ದರು. ಹಗಲು ಹೇರು, ರಾತ್ರಿ ಮನೆ. ಇಂಗ್ಲಿಷಿನವರು 'ಗನ್ನಿ' ಎನ್ನುವುದು ಈ ಗೋಣಿಯಿಂದಲೇ. ಚೀಲದ ಹೆಸರು ಕಡಲು ದಾಟಿತು.

ಇನ್ನು ನನ್ನ ಹತ್ತಿಗೆ ಬರುತ್ತೇನೆ.

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಲಿವರ್‌ಪೂಲಿನ ಮಾರುಕಟ್ಟೆಯಲ್ಲಿ ಅದು ಕುಮಟಾ ಹತ್ತಿ. ಇಂದಿಗೂ ಕೃಷಿ ವಿಜ್ಞಾನಿಗಳು ಧಾರವಾಡ ಸೀಮೆಯ ಹಳೆಯ ದೇಸಿ ತಳಿಯನ್ನು ಆ ಹೆಸರಿನಿಂದಲೇ ಗುರುತಿಸುತ್ತಾರೆ. ಬೆಳೆದ ಎರೆಭೂಮಿಯ ಹೆಸರಿಲ್ಲ, ಹಡಗಿಗೆ ಏರಿದ ಬಂದರಿನ ಹೆಸರು ಉಂಟು. ಹುಬ್ಬಳ್ಳಿಯಿಂದ ಶಿರಸಿ, ದೇವಿಮನೆ ಘಟ್ಟ ಹಾದು ಕುಮಟಾಕ್ಕೆ ಸುಮಾರು 160 ಕಿಲೋಮೀಟರ್. ಹೇರೆತ್ತು ದಿನಕ್ಕೆ ಹದಿನೈದು–ಹದಿನಾರು ಕಿಲೋಮೀಟರ್ ನಡೆಯಿತೆಂದು ಹಿಡಿದರೆ ಹತ್ತು ದಿನದ ದಾರಿ. ಬಂದರಿನಿಂದ ಪತ್ತೇಮಾರಿಗಳಲ್ಲಿ ಬೊಂಬಾಯಿಗೆ, ಅಲ್ಲಿಂದ ವಿಲಾಯತಿಗೆ. ಮರಳುವಾಗ ಎತ್ತುಗಳ ಮೇಲೆ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ. ಮೇಲಿನಿಂದ ಹಗುರವಾದ ಆದರೆ ಉಬ್ಬಿದ ಮಾಲು, ಕೆಳಗಿನಿಂದ ಚಿಕ್ಕದಾದ ಆದರೆ ಭಾರದ, ನೀರೊಸರುವ ಮಾಲು. ಒಂದೇ ಎತ್ತಿಗೆ ಎರಡು ಬಗೆಯ ಹೇರು.

ಆ ದಾರಿಯ ಲೆಕ್ಕವನ್ನು ನಾನು ಒಂದು ಸಂಜೆ ಹೇರುವವರ ಕಡೆಯಿಂದ ಮಾಡಿ ನೋಡಿದೆ. ನೂರು ಎತ್ತಿನ ಒಂದು ಹಿಂಡು ಇದೆ ಎಂದುಕೊಳ್ಳಿ. ಎತ್ತಿಗೆ ಎರಡು ಚೀಲ. ಎತ್ತು ಹೇರು ಹೊತ್ತು ಮಲಗಲಾರದು, ಮೇಯಲಾರದು. ಹಾಗಾಗಿ ಪ್ರತಿ ಸಂಜೆ ಎಲ್ಲವನ್ನೂ ಇಳಿಸಬೇಕು, ಪ್ರತಿ ಬೆಳಿಗ್ಗೆ ಎಲ್ಲವನ್ನೂ ಹೇರಬೇಕು. ಇನ್ನೂರು ಚೀಲ, ದಿನಕ್ಕೆ ಎರಡು ಸಲ, ಹತ್ತು ದಿನ: ನಾಲ್ಕು ಸಾವಿರ ಸಲ ಎತ್ತಿ ಇಳಿಸಬೇಕು, ಒಂದು ದಾರಿಗೆ. ಈ ಅಂಕಿ ಯಾವ ದಾಖಲೆಯಲ್ಲೂ ಇಲ್ಲ. ಇದು ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಮಾಡಿದ ನನ್ನ ಗುಣಾಕಾರ. ಆದರೆ ಇದನ್ನು ಮಾಡಿದ ಮೇಲೆ ಹಳೆಯ ಕಡತಗಳು ಬೇರೆ ರೀತಿ ಓದಿಸಿಕೊಳ್ಳತೊಡಗಿದವು.

ವಿಷಯ ಇದು. ಇಂಗ್ಲಿಷ್ ಅಧಿಕಾರಿಗಳಿಗೂ ವರ್ತಕರಿಗೂ ಈ ಹತ್ತಿಯ ಬಗ್ಗೆ ಒಂದೇ ದೂರು: ಕೊಳಕು. ಮಣ್ಣು, ಎಲೆಯ ಚೂರು, ಬೀಜ, ತೇವ. ಕಲಬೆರಕೆ ತಡೆಯಲು ಬೊಂಬಾಯಿ ಸರ್ಕಾರ 1829ರಲ್ಲೇ ಒಂದು ನಿಯಮ ತಂದಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಲ್ಯಾಂಕಶೈರಿನ ಗಿರಣಿಗಳಿಗೆ ನಮ್ಮ ಹತ್ತಿಯೇ ಗತಿಯಾಯಿತು. ಬೆಲೆ ಏರಿತು, ಮೋಸವೂ ಏರಿತು, 1863ರಲ್ಲಿ ಇನ್ನೂ ಕಟ್ಟುನಿಟ್ಟಿನ ಕಾಯಿದೆ ಬಂತು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ದಾರಿ, ಕಾರವಾರ ಬಂದರಿನ ಕನಸು ಇದ್ದವು. ಮೋಸ ನಡೆಯುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ದೇಸಿ ಹತ್ತಿಯನ್ನು ಅಮೆರಿಕನ್ ತಳಿಯ ಜೊತೆ ಬೆರೆಸುವುದು, ಬೀಜ ಉಳಿಸುವುದು, ನೀರು ಚಿಮುಕಿಸುವುದು ಎಲ್ಲ ಇತ್ತು. ನಾನೂ ನನ್ನ ಮೊದಲ ಕರಡಿನಲ್ಲಿ ಕೊಳಕು ಹತ್ತಿಯನ್ನು ಮೋಸದ ಅಧ್ಯಾಯಕ್ಕೇ ಹಾಕಿದ್ದೆ.

ಆದರೆ ಹತ್ತು ರಾತ್ರಿ ಬಯಲಿನ ಧೂಳಿನಲ್ಲೋ ಕಾಡಿನ ತರಗೆಲೆಯ ಮೇಲೋ ಇಳಿಸಿ, ಹತ್ತು ಬೆಳಿಗ್ಗೆ ಇಬ್ಬನಿಯ ಸಮೇತ ಎತ್ತಿ, ಮರಗಿಡಗಳಿಗೆ ತಾಗಿ ಹರಿಯುತ್ತ, ಹಿಂದಿನ ಎತ್ತು ಮುಂದಿನದರ ಚೀಲಕ್ಕೆ ಬಾಯಿ ಹಾಕುತ್ತ ಬಂದ ಹತ್ತಿ ಇನ್ನು ಹೇಗಿರಬೇಕಿತ್ತು? ರಸ್ತೆ ಸರಿಯಿಲ್ಲ ಎಂದು ಅದೇ ಅಧಿಕಾರಿಗಳು ಬರೆದದ್ದೂ ಉಂಟು. ಆದರೆ ರಸ್ತೆಯ ಮಾತು ಲೋಕೋಪಯೋಗಿ ಕಡತದಲ್ಲಿ, ಕೊಳಕಿನ ಮಾತು ದಂಡಸಂಹಿತೆಯ ಭಾಷೆಯಲ್ಲಿ. ಎರಡರ ನಡುವೆ ಚೀಲ ಎತ್ತಿ ಇಳಿಸುತ್ತಿದ್ದವರು ಒಂದರಲ್ಲೂ ಕಾಣುವುದಿಲ್ಲ. ಕಂಡಾಗ ಅಪರಾಧಿಗಳಾಗಿ ಕಾಣುತ್ತಾರೆ. ನನ್ನ ಮಾರ್ಗದರ್ಶಕರು ಈ ವಾದವನ್ನು ಪೂರ್ತಿ ಒಪ್ಪಿಲ್ಲ. 'ಎಷ್ಟು ಪಾಲು ಧೂಳು, ಎಷ್ಟು ಪಾಲು ಮೋಸ?' ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಬಂಡಿ ಬಂದಾಗ ಬದಲಾದದ್ದು ಏನು ಎಂಬುದೂ ಈ ಕಡೆಯಿಂದ ನೋಡಿದಾಗಲೇ ಹೊಳೆಯಿತು. ಬಂಡಿ ಹೆಚ್ಚು ಹೊರುತ್ತದೆ, ಆದ್ದರಿಂದ ಅಗ್ಗ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅದು ಸರಿಯೇ. ಆದರೆ ಬಂಡಿಯ ದೊಡ್ಡ ಗುಣ ಬೇರೆಯದು: ರಾತ್ರಿ ಹೇರು ಇಳಿಸಬೇಕಿಲ್ಲ. ಎತ್ತಿನ ಕೊರಳು ಬಿಚ್ಚಿ, ನೊಗಕ್ಕೆ ಒಂದು ಊರುಗೋಲು ಕೊಟ್ಟರೆ ಸಾಕು, ಎತ್ತು ಮೇಯುತ್ತದೆ, ಹೇರು ತನ್ನ ಜಾಗದಲ್ಲೇ ಇರುತ್ತದೆ. ನಾಲ್ಕು ಸಾವಿರ ಸಲದ ಎತ್ತುವಿಕೆ ನಾನೂರಕ್ಕೆ ಇಳಿಯಿತು. ಅದರ ಜೊತೆ ಕೆಲಸದ ಜಾಣತನವೂ ಜಾಗ ಬದಲಿಸಿತು. ಹೇರೆತ್ತಿನ ಕಾಲದಲ್ಲಿ ತಪ್ಪನ್ನು ಮರುದಿನ ಬೆಳಿಗ್ಗೆ ತಿದ್ದಿಕೊಳ್ಳಬಹುದಿತ್ತು. ಬಂಡಿಯಲ್ಲಿ ಒಮ್ಮೆ ಹೇರಿ ಕಟ್ಟಿದ್ದು ಹಳ್ಳ, ದಿಣ್ಣೆ, ಘಟ್ಟ ಎಲ್ಲವನ್ನೂ ದಾಟಿ ಕೊನೆಯವರೆಗೆ ನಿಲ್ಲಬೇಕು. ಎತ್ತುವುದಕ್ಕಿಂತ ಕಟ್ಟುವುದು ದೊಡ್ಡ ವಿದ್ಯೆಯಾಯಿತು.

ಎರಡು ಗಾಲಿಯ ಚಕ್ಕಡಿಯ ಹೇರು ಹೇಗಿರಬೇಕೆಂದು ಅಪ್ಪ ತಮ್ಮ ಹುಡುಗತನದ ನೆನಪಿನಿಂದ ಹೇಳಿದ್ದು ಯಾವ ಗೆಜೆಟಿಯರಿಗಿಂತ ಸ್ಪಷ್ಟವಾಗಿತ್ತು. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ, ಕೊರಳಪಟ್ಟಿ ಎತ್ತಿನ ಗಂಟಲು ಹಿಸುಕುತ್ತದೆ. ಮುಂದೆ ಹೆಚ್ಚಾದರೆ ನೊಗ ಹೆಗಲನ್ನು ಒತ್ತುತ್ತದೆ, ಎತ್ತು ಮೊಣಕಾಲೂರುತ್ತದೆ. ಆದ್ದರಿಂದ ಹೇರಿ ಮುಗಿಸಿದ ಮೇಲೆ ಒಬ್ಬ ಮುಂದೆ ಹೋಗಿ ನೊಗವನ್ನು ಒಂದು ಕೈಯಲ್ಲಿ ಎತ್ತಿ ನೋಡಬೇಕು. ಒಂದು ಕೈಗೆ ಬರಬೇಕು, ಆದರೆ ಬಿಟ್ಟರೆ ಇಳಿಯಬೇಕು. ಇಷ್ಟೇ ಪರೀಕ್ಷೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ. ಒಂದೇ ದಾರಿಯಲ್ಲಿ ಎರಡೂ ಇದ್ದರೆ ಯಾವುದು ಕಡಿದೋ ಅದಕ್ಕೆ ತಕ್ಕಂತೆ ಹೇರಬೇಕು. ಇಳಿಜಾರಿನಲ್ಲಿ ಬಂಡಿಯ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಸುತ್ತಿದ್ದರೆಂದು ಅವರ ಅಪ್ಪ ಹೇಳುತ್ತಿದ್ದರಂತೆ. ಮೇವು ಹೇರುವಾಗ ಇನ್ನೊಂದು ಕಲೆ: ಸಿವುಡುಗಳ ಬುಡ ಹೊರಗೆ, ತೆನೆಯ ಕಡೆ ಒಳಗೆ, ಮೇಲೇರಿದಂತೆ ಒಳಕ್ಕೆ ಎಳೆದುಕೊಳ್ಳುತ್ತ ಹೋಗಬೇಕು. ದೂರದಿಂದ ನೋಡಿದರೆ ಎತ್ತಿಲ್ಲದೆ ಒಂದು ಬಣವೆಯೇ ನಡೆದು ಬಂದಂತೆ ಕಾಣಬೇಕು. 'ಮ್ಯಾಲ ಕುಂತಾವ್ಗ ನಿದ್ದಿ ಬಂದ್ರ ಹೇರು ಛಲೋ ಆಗೇತಿ ಅಂತ ತಿಳಿ.'

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿ–ಧಾರವಾಡಕ್ಕೆ ಬಂತು, ದಶಕದ ಕೊನೆಗೆ ಅದು ಮರ್ಮಗೋವಾ ಬಂದರಿಗೂ ಮುಟ್ಟಿತು. ಕುಮಟಾದ ಹತ್ತಿಯ ವೈಭವ ಅಲ್ಲಿಗೆ ಮುಗಿಯಿತು. ನನ್ನ ಪ್ರಬಂಧವೂ ಅಲ್ಲಿಗೇ ಮುಗಿಯುತ್ತದೆ. ಆದರೆ ಹುಬ್ಬಳ್ಳಿಯಿಂದ ನೇರ ಕರಾವಳಿಗೆ ಇಳಿಯುವ ರೈಲು ಇಂದಿಗೂ ಆಗಿಲ್ಲ. ಅಂಕೋಲಾ ಮಾರ್ಗ ದಶಕಗಳಿಂದ ಕಡತಗಳಲ್ಲೂ ಕೋರ್ಟಿನಲ್ಲೂ ಇದೆ. ಅದರ ಪರ–ವಿರೋಧದ ವಾದ ಇಲ್ಲಿ ಬೇಡ. ಎತ್ತು ಇಳಿದ ಘಟ್ಟದಲ್ಲಿ ಈಗ ಲಾರಿ ಇಳಿಯುತ್ತದೆ, ಅಷ್ಟು ಸಾಕು.

ಲಾರಿಯ ಹೇರು ಅಪ್ಪನ ಸ್ವಂತ ಕಾಲದ್ದು. ಹಮಾಲ ಎಂಬುದು ಅರಬ್ಬಿಯ ಪದ; ಹೊರುವವನು ಎಂದರ್ಥ, ಅದೇ ಧಾತುವಿನಿಂದ ಬಸುರಿ ಎಂಬ ಪದವೂ ಆಗುತ್ತದೆ. ಇದನ್ನು ಹೇಳಿದಾಗ ಅವ್ವ ಬಿದ್ದು ಬಿದ್ದು ನಕ್ಕಳು. ಅಪ್ಪ ಹೊರುತ್ತಿದ್ದದ್ದು ಕ್ವಿಂಟಲ್ ಚೀಲ, ನೂರು ಕಿಲೊ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಯಸ್ಕ ಗಂಡಸೊಬ್ಬ ಹೊರಬಹುದಾದ ಮಿತಿ 55 ಕಿಲೊ ಇರಲಿ ಎಂದು ಶಿಫಾರಸು ಮಾಡಿತ್ತು. ಆ ವರ್ಷ ಅಪ್ಪ ಹುಟ್ಟಿರಲಿಲ್ಲ. ಮಾರುಕಟ್ಟೆಗೆ ಹೊರಡುವ ಹೊತ್ತಿಗೆ ಆ ಶಿಫಾರಸು ಹುಬ್ಬಳ್ಳಿಯನ್ನು ಮುಟ್ಟಿರಲಿಲ್ಲ. ಈಗ ಅವರ ಬಲಭುಜ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅಂಗಿ ತೊಡುವಾಗ ಎಡಗೈ ಮೊದಲು.

ಅವರ ಪ್ರಕಾರ ಲಾರಿಯಲ್ಲಿ ಚೀಲ ಇಡುವುದು ಗೋಡೆ ಕಟ್ಟಿದಂತೆ. ಕೆಳಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ, ಎರಡು ಚೀಲಗಳ ಸಂದಿನ ಮೇಲೆ ಮೂರನೆಯದರ ಹೊಟ್ಟೆ ಕೂರಬೇಕು. ಮೊದಲ ಚೀಲ ಕ್ಯಾಬಿನ್ನಿನ ಬೆನ್ನಿಗೆ ತಾಗಿರಬೇಕು. ಅಲ್ಲಿ ಒಂದು ಗೇಣು ಜಾಗ ಬಿಟ್ಟರೆ, ಬ್ರೇಕ್ ಹಾಕಿದಾಗ ಹತ್ತು ಟನ್ ಮಾಲು ಆ ಒಂದು ಗೇಣು ಓಡಿ ಬಂದು ಗುದ್ದುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಚೀಲ, ಹತ್ತಿಯ ಅಂಡಿಗೆ ಹಗುರ, ಆದ್ದರಿಂದ ಎತ್ತರಕ್ಕೆ ಹೋಗುತ್ತವೆ. ಎತ್ತರಕ್ಕೆ ಹೋದದ್ದು ತಿರುವಿನಲ್ಲಿ ಹೊರಗೆ ವಾಲುತ್ತದೆ. ಮೇಲಿನ ಸಾಲುಗಳನ್ನು ಒಳಗೆ ಎಳೆದಿಡುವುದು ಅದಕ್ಕೇ. ನಾನು ಹಗ್ಗವೇ ಮಾಲನ್ನು ಹಿಡಿದಿಡುತ್ತದೆ ಎಂದುಕೊಂಡಿದ್ದೆ. 'ಹಗ್ಗ ಮಾಲ್ ಹಿಡಿಯಂಗಿಲ್ಲ' ಅಂದರು. 'ಮಾಲ ಮಾಲನ್ನ ಹಿಡಿತೈತಿ. ಹಗ್ಗ ಮ್ಯಾಲಿಂದ ಒತ್ತತೈತಿ ಅಷ್ಟ.' ಘರ್ಷಣೆಯ ನಿಯಮ ಶಾಲೆಯಲ್ಲಿ ಓದಿದ್ದು ಮೊದಲ ಸಲ ಅರ್ಥವಾಯಿತು.

ನಮ್ಮ ಮೋಟಾರು ವಾಹನ ಕಾಯಿದೆ 1988ರದ್ದು. 2019ರ ತಿದ್ದುಪಡಿಯ ನಂತರ ಮಿತಿ ಮೀರಿ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಪಕ್ಕಕ್ಕೆ ಚಾಚಿದರೂ ದಂಡ. ಓದುವಾಗ ನನಗೆ ಶಾಸನಗಳ ನೆನಪಾಯಿತು. ಹೇರು ಕಟ್ಟೆಯನ್ನು ದಾಟುವಾಗ ಅದರ ತೂಕ, ಅದರ ಅಗಲ ಗೊತ್ತಾಗಬೇಕು. ಕಟ್ಟೆಗೆ ಬೇಕಾದದ್ದು ಅಷ್ಟೇ, ಆಗಲೂ ಈಗಲೂ.

2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಹಣ್ಣು–ತರಕಾರಿ ಹೇರಿಕೊಂಡು ಘಟ್ಟದ ಕಡೆಯ ಸಂತೆಗೆ ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಹೆದ್ದಾರಿಯಿಂದ ಕಂದಕಕ್ಕೆ ಉರುಳಿತು. ಹತ್ತು ಜನ ಸತ್ತರು. ಅವರೆಲ್ಲ ತರಕಾರಿ ಮಾರುವವರು, ತಮ್ಮ ಮಾಲಿನ ಜೊತೆಯಲ್ಲೇ ಲಾರಿಯಲ್ಲಿ ಕೂತಿದ್ದವರು. ನಾನು ಆ ವಾರ ದೇವಿಮನೆ ಘಟ್ಟದ ಬಗ್ಗೆ ಬರೆಯುತ್ತಿದ್ದೆ. ಅಪಘಾತದ ಕಾರಣ ಹೇಳುವುದು ನನ್ನ ವಿದ್ಯೆಯಲ್ಲ. ಆದರೆ ಆ ದಿನ ಸುದ್ದಿ ಓದಿದವರಲ್ಲಿ ಹಲವರು ಕೇಳಿದ್ದು ಒಂದೇ: ಅವರು ಲಾರಿಯ ಮೇಲೆ ಯಾಕೆ ಕೂತರು? ವಿಶ್ವವಿದ್ಯಾಲಯದ ಚಹಾ ಅಂಗಡಿಯಲ್ಲೂ ಅದೇ ಮಾತು. ಯಾಕೆ ಕೂತರೆಂದರೆ ಮಾಲು ಅವರದು. ಸಂತೆ ಮುಟ್ಟುವ ಹೊತ್ತಿಗೆ ಯಾವ ಬುಟ್ಟಿ ಯಾರದು ಎಂದು ಹೇಳಬೇಕಾದವರು ಅವರು, ಇಳಿಸಬೇಕಾದವರೂ ಅವರು. ಬಸ್ಸಿನ ಟಿಕೆಟ್ಟು, ಮಾಲಿನ ಬಾಡಿಗೆ ಎರಡನ್ನೂ ಕೊಟ್ಟರೆ ಒಂದು ದಿನದ ತರಕಾರಿಯಲ್ಲಿ ಉಳಿಯುವುದೇನು? ಗೋಣಿಯ ಗೋಡೆಯೊಳಗೆ ಮಲಗುತ್ತಿದ್ದವರಿಗೂ, ಹಗ್ಗದ ತುದಿ ಹಿಡಿದು ಬಂಡಿಯ ಪಕ್ಕ ನಡೆಯುತ್ತಿದ್ದವರಿಗೂ, ಇವರಿಗೂ ಮಾಲು ಒಂದು ಕಡೆ, ತಾವು ಒಂದು ಕಡೆ ಎಂಬ ಪ್ರಯಾಣ ದೊರೆಯಲೇ ಇಲ್ಲ.

ಅಪ್ಪ ಆ ಸುದ್ದಿಯನ್ನು ಟಿವಿಯಲ್ಲಿ ನೋಡಿದರು, ಮತ್ತೆ ಮತ್ತೆ ತೋರಿಸಿದಾಗ ಬಂದ್ ಮಾಡಿಸಿದರು. ಸವಣೂರಿನ ಎಷ್ಟೋ ಲಾರಿಗಳಿಗೆ ಅವರ ಹೆಗಲು ಕೊಟ್ಟಿದ್ದುಂಟು. ಅಂದು ಅವರು ಊಟ ಮಾಡುವಾಗ ಹೇಳಿದ್ದು ಇಷ್ಟು: 'ತರಕಾರಿ ಹೇರು ಕಟ್ಟೂದು ಕಠಿಣ. ಬಿಗಿ ಮಾಡಿದ್ರ ಮಾಲ್ ಒಡಿತೈತಿ. ಸಡಲ ಬಿಟ್ರ...' ಮುಂದಿನದನ್ನು ಹೇಳಲಿಲ್ಲ.

ನವಲೂರಿನ ಪ್ರಕರಣದ ನಂತರ ಒಂದು ಭಾನುವಾರ ಹುಬ್ಬಳ್ಳಿಗೆ ಹೋದಾಗ, ಲಾರಿಯವರು ಹಾಕುವ ಆ ಗಂಟನ್ನು ಕಲಿಸಿ ಎಂದು ಕೇಳಿದೆ. ಹಗ್ಗದ ನಡುವಿನಲ್ಲೇ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಕೊಕ್ಕೆಗೆ ಸುತ್ತಿ ತಂದು, ಆ ಕುಣಿಕೆಯೊಳಗೆ ಹಾಯಿಸಿ ಕೆಳಕ್ಕೆ ಜಗ್ಗುವ ಗಂಟು. ಕುಣಿಕೆ ರಾಟೆಯ ಕೆಲಸ ಮಾಡುತ್ತದೆ. ಒಬ್ಬನ ಜಗ್ಗು ಇಬ್ಬರ, ಮೂವರ ಜಗ್ಗಿನಷ್ಟಾಗುತ್ತದೆ. ಬಿಚ್ಚುವಾಗ ತುದಿ ಎಳೆದರೆ ಸಾಕು, ಇಡೀ ಗಂಟು ಇಲ್ಲವಾಗುತ್ತದೆ. ಟ್ಯಾವರ್ನಿಯೆಯ ನಾಲ್ವರು ಸಿಪಾಯಿಗಳು ಮನೆಗೆ ಹೋದದ್ದು ಈ ಕುಣಿಕೆಯಿಂದ ಎಂದು ನನಗನ್ನಿಸಿತು. ಅದಕ್ಕೆ ಏನಂತೀರಿ ಎಂದು ಕೇಳಿದೆ, ಅಡಿಟಿಪ್ಪಣಿಗೆ ಒಂದು ಹೆಸರು ಬೇಕಿತ್ತು.

'ಅದಕ್ಕೇನ್ ಅಂತಾರ? ಗಂಟ ಅಂತಾರ.'

ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ಕಿಟಕಿಯ ಸರಳಿಗೆ ಹಗ್ಗ ಸಿಕ್ಕಿಸಿ ಅಪ್ಪ ಎರಡು ಸೆಕೆಂಡಿನಲ್ಲಿ ಮುಗಿಸಿದರು. ನಿಧಾನ ಮಾಡಿ ಎಂದೆ. ನಿಧಾನ ಮಾಡಿದಾಗ ಅವರಿಗೇ ಅದು ಬರಲಿಲ್ಲ; ಕೈ ನಡುವೆ ನಿಂತು, ಯಾವ ಎಳೆ ಮೇಲೆ ಹೋಗಬೇಕೆಂದು ಹುಡುಕಿತು. ಮತ್ತೆ ಜೋರಾಗಿ ಮಾಡಿದರು, ಬಂತು. ವಿಡಿಯೊದಲ್ಲಿ ಕುಣಿಕೆ ತಿರುಗುವ ಜಾಗವನ್ನು ಅವರ ಹೆಬ್ಬೆರಳು ಮುಚ್ಚಿದೆ. ಎಷ್ಟು ನಿಧಾನ ಮಾಡಿ ನೋಡಿದರೂ ಹೆಬ್ಬೆರಳೇ ಕಾಣುತ್ತದೆ, ಉಗುರಿನ ಹತ್ತಿರ ಹಗ್ಗ ಸವೆಸಿದ ಗೀರು.

ಆಮೇಲೆ ನಾನು ಕಟ್ಟಿದೆ. ಎಡಗೈಯಿಂದ ಒಮ್ಮೆ ಜಗ್ಗಿ ನೋಡಿ, ತುದಿ ಎಳೆದು ಬಿಚ್ಚಿ ಹಗ್ಗವನ್ನು ನನ್ನ ಕಡೆ ಎಸೆದರು.

'ಇನ್ನೊಮ್ಮಿ.'